ಎಚ್ಚರಿಕೆಯ ದನಿಯೂ ಅದರ ಜೀವಿತವೂ

ಕನ್ನಡ ಶಾಸನಗಳಲ್ಲಿ ‘ಜೀವಿತ’ವೆಂಬ ಮಾತಿಗೆ ಬದುಕೆಂಬ ಅರ್ಥವಲ್ಲದೆ, ಒಂದು ಕಾರ್ಯವನ್ನು ತಪ್ಪದೆ ನಡೆಸತಕ್ಕವನ ಹೊಟ್ಟೆಪಾಡಿಗೆಂದು ಬಿಟ್ಟುಕೊಟ್ಟ ಭೂಮಿ ಅಥವಾ ಹುಟ್ಟುವಳಿ ಎಂಬ ಅರ್ಥವೂ ಉಂಟು. ಕೆರೆಯನ್ನು ಕಟ್ಟಿಸಿದವನು ಅದರ ದುರಸ್ತಿಗೆಂದು ಬಿತ್ತುವಟ್ಟವನ್ನು ಬಿಡುತ್ತಿದ್ದನು. ನಂದಾದೀವಿಗೆಯನ್ನು ಇಡಿಸಿದವನು ಅದರ ಎಣ್ಣೆಗೆ ಬೇರೊಂದು ದತ್ತಿಯನ್ನು ಮಾಡುತ್ತಿದ್ದನು. ಒಂದು ವಸ್ತುವನ್ನು ಮಾಡಿಸುವ ವೆಚ್ಚ ಬೇರೆ, ಅದನ್ನು ವರ್ಷವರ್ಷವೂ ಉಳಿಸಿಕೊಂಡು ಹೋಗುವ ವೆಚ್ಚ ಬೇರೆ ಎಂಬ ವಿವೇಕವು ಈ ದತ್ತಿಗಳಲ್ಲೆಲ್ಲಾ ಕಂಡುಬರುತ್ತದೆ. ಊರಿಗೆ ಕೇಡು ಬರುವಾಗ ಅದನ್ನು ಜನರಿಗೆ ಮುಂಚಿತವಾಗಿ ಸಾರುವ ದನಿಗೆ, ಅದು ತಮಟೆಯಾಗಲಿ, ಕೊಂಬಾಗಲಿ, ಇಂದಿನ ಸೈರನ್ ಆಗಲಿ, ಇಂಥ ಜೀವಿತವು ಯಾವ ಕಾಲದಲ್ಲಿ ಯಾರಿಂದ ಒದಗಿತು, ಯಾವಾಗ ತಪ್ಪಿತು ಎಂಬುದು ವಿಚಾರಮಾಡತಕ್ಕ ವಿಷಯವಾಗಿದೆ. ಕಾಯ್ಕಿಣಿಯಂಥ ಒಂದು ಕರಾವಳಿಯ ಗ್ರಾಮವನ್ನು ಕಣ್ಣ ಮುಂದಿಟ್ಟುಕೊಂಡು ನೋಡಿದರೆ ಈ ವಿಷಯದ ಮಹತ್ತ್ವವು ಚೆನ್ನಾಗಿ ತಿಳಿಯುತ್ತದೆ.

೧

ಕಾಯ್ಕಿಣಿಯು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನಲ್ಲಿ, ಶಿರಾಲಿ ಮುರ್ಡೇಶ್ವರಗಳ ನೆರೆಯಲ್ಲಿರುವ ಗ್ರಾಮ. ಅದರ ಒಂದು ಭಾಗಕ್ಕೆ ಬಸ್ತಿ ಕಾಯ್ಕಿಣಿಯೆಂಬ ಹೆಸರಿರುವುದು ಹಿಂದಿನ ಜೈನ ಬಸದಿಯ ನೆನಪನ್ನು ಉಳಿಸಿಕೊಂಡಿದೆ. ಪಡುವಲಲ್ಲಿ ಕಡಲು, ಮೂಡಲಲ್ಲಿ ಸಹ್ಯಾದ್ರಿಯ ತಪ್ಪಲು. ಇವೆರಡರ ನಡುವಣ ಕಿರಿದಾದ ನೆಲದಲ್ಲಿ ಬೈಲುಗದ್ದೆ, ಮಕ್ಕಿಗದ್ದೆ, ತೆಂಗಿನ ಹಿತ್ತಲುಗಳು. ಬಯಲುಸೀಮೆಯ ಊರುಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ನಿಲ್ಲುವಂತೆ ಈ ಸೀಮೆಯಲ್ಲಿ ನಿಲ್ಲುವುದಿಲ್ಲ. ಒಂದೊಂದು ಮನೆಯೂ ತನ್ನ ಹಿತ್ತಲ ನಡುವೆ ಬೇರೆಯಾಗಿರುತ್ತದೆ. ಆದಕಾರಣ ಊರಬಾಗಿಲಲ್ಲಿ ನಿಂತು ಹೊಡೆದ ಡಂಗುರವು ಊರಿಗೆಲ್ಲಾ ಕೇಳಿಸುವ ಅನುಕೂಲವು ಇಲ್ಲಿ ಇಲ್ಲ. ಮೇಲಾಗಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಈ ತೀರದಲ್ಲಿ, ಎಚ್ಚರಿಕೆಯು ಹೆಚ್ಚಾಗಿ ಬೇಕಾದ ಹೊತ್ತಿನಲ್ಲಿಯೇ ಮಳೆಯ ಸದ್ದು, ಗಾಳಿಯ ಸದ್ದು, ಕಡಲ ಮೊರೆತ ಇವು ಮೂರೂ ಕೂಡಿ ಮನುಷ್ಯನ ಕೂಗನ್ನು ಮುಚ್ಚಿಬಿಡುತ್ತವೆ.

ಕೇಡುಗಳಾದರೋ ಊಹೆಯವಲ್ಲ. ೨೦೨೧ರ ಮೇ ತಿಂಗಳ ತೌಕ್ತೇ ಚಂಡಮಾರುತವು ಈ ಕರಾವಳಿಯನ್ನು ಹಾದುಹೋಯಿತು. ೨೦೨೨ರ ಆಗಸ್ಟ್ ೨ರಂದು ಭಟ್ಕಳದಲ್ಲಿ ಅಸಾಧಾರಣವಾದ ಮಳೆ ಸುರಿದು ಪೇಟೆಯು ಜಲಾವೃತವಾಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಒಂದೇ ಮನೆಯ ನಾಲ್ವರು ಮಣ್ಣಿನಡಿಯಲ್ಲಿ ಸಿಕ್ಕಿ ಸತ್ತರು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಯವರೆಗೂ ಇಳಿಯಿತು. ಇಂಥ ಸೀಮೆಯಲ್ಲಿ ಕಾಲು ಗಂಟೆ ಮುಂಚಿತವಾಗಿ ಕೇಳಿಬಂದ ಒಂದು ದನಿಯ ಬೆಲೆಯೆಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

೨

ಹಳಗನ್ನಡದಲ್ಲಿ ಆಪತ್ತಿನ ಕೂಗಿಗೆ ‘ಪುಯ್ಯಲ್’ ಎಂದು ಹೆಸರು. ತುರುಗಳನ್ನು ಹಗೆಗಳು ಹೊಡೆದುಕೊಂಡು ಹೋದಾಗ ಎದ್ದ ಕೂಗು, ಹೆಂಗಸರ ಮೇಲೆ ಕೈಯಿಕ್ಕಿದಾಗ ಎದ್ದ ಪೆಣ್ಬುಯ್ಯಲ್ ಇವು ವೀರಗಲ್ಲುಗಳಿಂದ ವಿದ್ವಾಂಸರಿಗೆ ಪರಿಚಿತವಾದುವೇ ಆಗಿವೆ. ಪುಯ್ಯಲ್ ಎಂಬುದು ಹುಯ್ಯಲಾಗಿ, ಹುಯಿಲಾಗಿ, ಇಂದಿನ ಮಾತಿನಲ್ಲಿ ‘ಹುಯಿಲೆಬ್ಬಿಸು’ ಎಂದು ತುಸು ಹಗುರವಾದ ಅರ್ಥದಲ್ಲಿ ಉಳಿದಿದೆ. ಆ ಕೂಗನ್ನು ಕೇಳಿ ಓಡಿಬಂದು ಕಾದಿ ಮಡಿದವನ ಮನೆಯವರಿಗೆ ನೆತ್ತರ ಕೊಡಗೆ, ಕಲ್ನಾಡು ಮೊದಲಾದ ಭೂಮಿಗಳು ಸಲ್ಲುತ್ತಿದ್ದುವು. ಹಲ್ಮಿಡಿ ಶಾಸನದ ಬಾಳ್ಗಳ್ಚು ಎಂಬ ದತ್ತಿಯೂ ಇದೇ ಜಾತಿಯದು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಈ ದತ್ತಿಗಳೆಲ್ಲಾ ಕೂಗಿಗೆ ಓಗೊಟ್ಟವನಿಗೆ, ಅದೂ ಬಹುಮಟ್ಟಿಗೆ ಅವನು ಮಡಿದ ಮೇಲೆ, ಸಂದವು, ಕೂಗಿದವನಿಗಲ್ಲ.

ದೊಡ್ಡ ದನಿಯನ್ನು ಮಾಡುವ ಅಧಿಕಾರವಾದರೋ ಎಲ್ಲರದೂ ಆಗಿರಲಿಲ್ಲ. ಸಾಮಂತರ ಬಿರುದಾವಳಿಗಳಲ್ಲಿ ಮೊದಲಿಗೆ ಬರುವ ‘ಸಮಧಿಗತ ಪಂಚಮಹಾಶಬ್ದ’ವೆಂಬುದು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳನ್ನು ಬಾಜಿಸಿಕೊಳ್ಳುವ ಹಕ್ಕೆಂದು ವಿವರಿಸುವುದುಂಟು. ಆ ಹಕ್ಕು ಅರಸನಿಂದ ದೊರೆಯತಕ್ಕದ್ದಾಗಿದ್ದಿತು. ದೇವಸ್ಥಾನಗಳಲ್ಲಿ ಕಹಳೆಯವನಿಗೂ ಮದ್ದಳೆಯವನಿಗೂ ವೃತ್ತಿಗಳು ನೇಮಕವಾಗಿದ್ದುವು. ಹೀಗೆ ವಾದ್ಯಕ್ಕೂ ವಾದ್ಯಗಾರನಿಗೂ ಜೀವಿತವು ದೊರೆತದ್ದು ಸೇವೆ ಉತ್ಸವಗಳ ನಿಮಿತ್ತದಿಂದಲೇ ಹೊರತು ಆಪತ್ತಿನ ನಿಮಿತ್ತದಿಂದಲ್ಲ. ಆದರೆ ಇದರಿಂದ ಒಂದು ಪ್ರಯೋಜನವುಂಟು. ದಿನವೂ ಬಾರಿಸುವ ಗಂಟೆ ತುಕ್ಕುಹಿಡಿಯುವುದಿಲ್ಲ. ದಿನವೂ ಊದುವ ಕಹಳೆ ಒಡೆದಿದ್ದರೆ ಆ ದಿನವೇ ತಿಳಿಯುತ್ತದೆ. ನಿತ್ಯದ ಬಳಕೆಯೇ ಅದರ ಪರೀಕ್ಷೆಯೂ ಆಗಿದ್ದಿತು.

೩

ಊರಿಗೆ ಎಚ್ಚರಿಕೆಯನ್ನು ಕೊಡುವುದನ್ನೇ ಕರ್ತವ್ಯವಾಗಿ ಹೊಂದಿದ್ದವರು ಹನ್ನೆರಡು ಮಂದಿ ಆಯಗಾರರಲ್ಲಿ ಸೇರಿದ ತಳವಾರನೂ ತೋಟಿಯೂ. ತಳವಾರನೆಂಬ ಮಾತು ಬಹು ಹಳೆಯದು, ಕ್ರಿ. ಶ. ಮೂರನೆಯ ಶತಮಾನದ ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ ‘ಮಹಾತಲವರ’ರು ದೊಡ್ಡ ಅಧಿಕಾರಿಗಳಾಗಿ ಕಾಣಿಸಿಕೊಳ್ಳುತ್ತಾರೆ. ಕಾಲಕ್ರಮದಲ್ಲಿ ಆ ಹೆಸರು ಇಳಿದು ಊರ ಕಾವಲುಗಾರನಿಗೆ ನಿಂತಿತು. ೧೮೧೦ರಲ್ಲಿ ಅಚ್ಚಾದ ವಿಲ್ಕ್ಸನ ಮೈಸೂರು ಚರಿತ್ರೆಯಲ್ಲಿ ಗೌಡ, ಶಾನುಭೋಗರೊಡನೆ ತಳವಾರ, ತೋಟಿ, ನೀರುಗಂಟಿಗಳ ಹೆಸರುಗಳಿವೆ. ೧೮೧೨ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಒಪ್ಪಿಸಲಾದ ಐದನೆಯ ವರದಿಯು ತಳವಾರನ ಕೆಲಸ ಅಪರಾಧಗಳ ಸುಳಿವನ್ನು ಹಿಡಿಯುವುದು, ದಾರಿಗರನ್ನು ಊರಿಂದೂರಿಗೆ ಕಾಪಾಡಿ ಕಳುಹಿಸುವುದು ಎಂದೂ, ತೋಟಿಯದು ಬೆಳೆಗಳನ್ನು ಕಾಯುವುದು ಎಂದೂ ಹೇಳುತ್ತದೆ. ದಕ್ಷಿಣ ಕನ್ನಡದ ಕಡೆ ಪಟೇಲ ಶಾನುಭೋಗರ ಕೈಕೆಳಗೆ ಉಗ್ರಾಣಿಯೆಂಬವನು ಇಂಥ ಕೆಲಸಗಳನ್ನು ಮಾಡುತ್ತಿದ್ದನು.

ಇವರ ಜೀವಿತಕ್ಕೆ ಎರಡು ಮೂಲಗಳಿದ್ದುವು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅಳೆದುಕೊಡುವ ‘ಆಯ’ವೊಂದು, ತೆರಿಗೆಯಿಲ್ಲದ ಅಥವಾ ಅಲ್ಪ ತೆರಿಗೆಯ ಉಂಬಳಿಯ ಭೂಮಿ ಮತ್ತೊಂದು. ಬೆಳೆ ಬಂದರೆ ಆಯವೂ ಬಂದಿತು. ಬಾರದಿದ್ದರೆ ಒಕ್ಕಲಿಗನ ಹಸಿವಿನಲ್ಲಿ ಆಯಗಾರನಿಗೂ ಪಾಲು. ಬ್ರಿಟಿಷರ ಆಡಳಿತವು ಈ ಏರ್ಪಾಟನ್ನು ತೆಗೆಯದೆ ಕಾಯಿದೆಯೊಳಕ್ಕೆ ತಂದಿತು. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು; ಮುಂಬಯಿಯಲ್ಲಿ ೧೮೭೪ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ, ಮೈಸೂರಿನಲ್ಲಿ ೧೯೦೮ರ ಗ್ರಾಮಾಧಿಕಾರಗಳ ಕಾಯಿದೆ ಬಂದುವು.

ಈ ಏರ್ಪಾಟನ್ನು ಹೊಗಳುವವರು ಅದರ ಮತ್ತೊಂದು ಮುಖವನ್ನು ಮರೆಯಬಾರದು. ತಮಟೆಯನ್ನು ಹೊತ್ತು ಹೊತ್ತುಗೊತ್ತಿಲ್ಲದೆ ಕೇರಿಕೇರಿಗೆ ತಿರುಗಿದವನು ಅನೇಕ ಕಡೆಗಳಲ್ಲಿ ಅಸ್ಪೃಶ್ಯನೆನಿಸಿದವನು. ಊರಿನವರ ಪ್ರಾಣವನ್ನು ಉಳಿಸುವ ಸುದ್ದಿಯನ್ನು ತಂದವನಿಗೆ ಆ ಮನೆಯ ಜಗಲಿಯನ್ನೇರುವ ಹಕ್ಕಿರಲಿಲ್ಲ. ಕೆಲಸವು ಹುಟ್ಟಿನಿಂದ ಬಂದುದು, ಬೇಡವೆನ್ನುವಂತಿರಲಿಲ್ಲ. ದನಿಯು ತಪ್ಪದೆ ಎದ್ದುದಕ್ಕೆ ಉಂಬಳಿಯು ಕಾರಣವಾದಷ್ಟೇ ಈ ಬಲಾತ್ಕಾರವೂ ಕಾರಣವಾಗಿದ್ದಿತು. ಮುಂದೆ ತಮಟೆ ಬಡಿಯಲಾರೆವೆಂಬ ನಿರಾಕರಣೆಯು ಸ್ವಾಭಿಮಾನದ ಹೋರಾಟದ ಒಂದು ಅಂಗವೇ ಆದುದು ನ್ಯಾಯವಾಗಿಯೇ ಇದೆ.

೪

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕರಾವಳಿಗೆ ಬೇರೊಂದು ಬಗೆಯ ಎಚ್ಚರಿಕೆ ಬಂದಿತು. ೧೮೬೪ರ ಚಂಡಮಾರುತದಿಂದ ಕಲ್ಕತ್ತೆಯಲ್ಲಿ ಅಪಾರ ಪ್ರಾಣಹಾನಿಯಾಯಿತು. ಮರುವರ್ಷವೇ ಆ ಬಂದರಿನಲ್ಲಿ ಬಿರುಗಾಳಿಯ ಸಂಕೇತಗಳನ್ನು ಏರಿಸುವ ಕ್ರಮ ಪ್ರಾರಂಭವಾಯಿತು. ೧೮೭೫ರಲ್ಲಿ ಹವಾಮಾನ ಇಲಾಖೆಯು ಸ್ಥಾಪಿತವಾಯಿತು. ೧೮೮೦ರ ಹೊತ್ತಿಗೆ ಈ ಕ್ರಮವು ಮುಂಬಯಿ, ಕರಾಚಿ, ರತ್ನಾಗಿರಿ, ವೆಂಗುರ್ಲೆಗಳೊಡನೆ ಕಾರವಾರಕ್ಕೂ ಕುಮಟೆಗೂ ಬಂದಿತು. ಮೊದಲಿಗೆ ಬಂದರು ಬಂದರಿಗೂ ಸಂಕೇತಗಳು ಬೇರೆಯಾಗಿದ್ದು, ೧೮೯೮ರಲ್ಲಿ ಎಲ್ಲೆಡೆಯೂ ಒಂದೇ ಬಗೆಯವಾದುವು. ಹಗಲಿನಲ್ಲಿ ಕಂಬಕ್ಕೆ ಶಂಕು ಮತ್ತು ಉರುಳೆಯ ಆಕಾರಗಳನ್ನು ಏರಿಸುವುದು, ಇರುಳಿನಲ್ಲಿ ಕೆಂಪು ಬಿಳಿ ದೀಪಗಳನ್ನು ತೋರಿಸುವುದು ಅದರ ರೀತಿ. ಕುಮಟೆಯಲ್ಲಿ ಕಂಡ ಗುರುತಿಗೂ ಕರಾಚಿಯಲ್ಲಿ ಕಂಡ ಗುರುತಿಗೂ ಒಂದೇ ಅರ್ಥವೆಂಬುದು ಸಾಮಾನ್ಯವಾದ ಲಾಭವಲ್ಲ.

ಇದರ ಜೊತೆಗೆ ದೀಪಸ್ತಂಭಗಳಿದ್ದುವು. ಕಾರವಾರದ ಸಮೀಪದ ದೇವಗಡ ದ್ವೀಪದ ದೀಪವು ೧೮೬೪ರಲ್ಲಿ ಬೆಳಗಿತು. ದೀಪಗಳ ವೆಚ್ಚಕ್ಕೆ ಹಣವೆಲ್ಲಿಂದ ಬರತಕ್ಕದ್ದೆಂಬುದು ೧೯೨೭ರ ದೀಪಸ್ತಂಭಗಳ ಕಾಯಿದೆಯಿಂದ ನಿರ್ಧಾರವಾಯಿತು. ದೀಪದಿಂದ ಉಪಕಾರ ಪಡೆಯುವ ಹಡಗು ಬಂದರಿಗೆ ಬಂದಾಗ ದೀಪದ ಸುಂಕವನ್ನು ತೆರಬೇಕು. ಆ ಸುಂಕದಿಂದ ದೀಪಗಳನ್ನು ನಡೆಸಬೇಕು. ೨೦೨೧ರಲ್ಲಿ ಆ ಕಾಯಿದೆಯ ಸ್ಥಾನಕ್ಕೆ ಹೊಸ ಕಾಯಿದೆ ಬಂದರೂ ಈ ತತ್ತ್ವವು ಉಳಿದುಬಂದಿದೆ. ಇದು ನಂದಾದೀವಿಗೆಯ ದತ್ತಿಯ ಹೊಸ ರೂಪವೆಂದರೂ ಸಲ್ಲುವುದು. ಆದರೆ ಇದರ ಎಲ್ಲೆಯು ನೀರಿನ ಅಂಚಿನಲ್ಲಿ ಮುಗಿಯುತ್ತದೆ. ಹಡಗಿನ ಎಚ್ಚರಿಕೆಗೆ ಸ್ಥಿರವಾದ ಆದಾಯವು ಏರ್ಪಟ್ಟಿತು. ಅದೇ ತೀರದಲ್ಲಿ ಮಲಗಿರುವ ಕೇರಿಯ ಎಚ್ಚರಿಕೆಗೆ ಏರ್ಪಡಲಿಲ್ಲ.

೫

ಮುಂಬಯಿ ಕರ್ನಾಟಕದ ಗಿರಣಿಯ ಊರುಗಳಲ್ಲಿ ಪಾಳಿಯ ಹೊತ್ತನ್ನು ತಿಳಿಸುವ ಭೋಂಗಾ ಕೂಗುತ್ತಿದ್ದಿತು. ಅದು ಗಿರಣಿಯ ಸ್ವತ್ತು. ಅದರ ದುರಸ್ತಿ ಗಿರಣಿಯದು. ಊರು ಅದನ್ನು ಕೇಳಿ ತನ್ನ ಹೊತ್ತನ್ನು ಸರಿಮಾಡಿಕೊಳ್ಳುತ್ತಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದಾಳಿಯ ಭಯದಿಂದ ದೊಡ್ಡ ಪಟ್ಟಣಗಳಿಗೆ ಸೈರನ್‌ಗಳು ಬಂದುವು. ಏರಿಳಿಯುವ ಕೂಗು ಅಪಾಯಕ್ಕೆ, ಒಂದೇ ಸಮನಾದ ಕೂಗು ಅಪಾಯ ಕಳೆದುದಕ್ಕೆ ಎಂಬ ಸಂಕೇತವು ರೂಢವಾಯಿತು. ೧೯೬೨ರ ಯುದ್ಧದ ತರುವಾಯ ನಾಗರಿಕ ರಕ್ಷಣೆಯ ಏರ್ಪಾಟು ಬಲಗೊಂಡು ೧೯೬೮ರಲ್ಲಿ ಅದಕ್ಕೆ ಕಾಯಿದೆಯೂ ಆಯಿತು. ಆದರೆ ಯುದ್ಧದ ನೆನಪು ಮಾಸಿದಂತೆ ಸೈರನ್ನಿನ ನೆನಪೂ ಮಾಸಿತು. ೨೦೨೫ರ ಮೇ ತಿಂಗಳಲ್ಲಿ ದೇಶದ ನಾನಾ ಜಿಲ್ಲೆಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಗೆ ಆಜ್ಞೆಯಾದಾಗ ಕರ್ನಾಟಕದಲ್ಲಿ ಬೆಂಗಳೂರು, ಕಾರವಾರ, ರಾಯಚೂರುಗಳು ಆ ಪಟ್ಟಿಯಲ್ಲಿದ್ದುವು. ಆಗ ಬೆಂಗಳೂರಿನ ೩೫ ಸೈರನ್‌ಗಳಲ್ಲಿ ೩೨ ಕೆಲಸಮಾಡುತ್ತಿವೆಯೆಂದು ಅಧಿಕಾರಿಗಳು ತಿಳಿಸಿದರು. ರಾಜಧಾನಿಯಲ್ಲಿಯೇ ಮೂರು ಮೂಕವಾಗಿದ್ದ ಮೇಲೆ, ಉಪ್ಪುಗಾಳಿಯಲ್ಲಿ ನಿಲ್ಲತಕ್ಕ ಸಣ್ಣ ಊರಿನ ಸೈರನ್ನಿನ ಗತಿಯನ್ನು ಊಹಿಸುವುದು ಕಷ್ಟವಲ್ಲ.

ಇತ್ತ ಗ್ರಾಮಗಳಲ್ಲಿ ಮುಖ್ಯವಾದ ಬದಲಾವಣೆಯು ಆಗಿದ್ದಿತು. ೧೯೫೬ರಲ್ಲಿ ಉತ್ತರ ಕನ್ನಡವು ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳೆಲ್ಲಾ ಮುಗಿದುವು. ಉಂಬಳಿಯ ಭೂಮಿಗಳು ಸರ್ಕಾರಕ್ಕೆ ಸೇರಿ, ನಿಬಂಧನೆಗಳ ಮೇಲೆ ಹಿಂದಿನ ಹಿಡುವಳಿದಾರರಿಗೇ ಮರುಮಂಜೂರಾಗತಕ್ಕವಾದುವು. ಒಂದು ಅನ್ಯಾಯವು ಇದರಿಂದ ಕೊನೆಗಂಡಿತು. ಬಳಿಕ ಗೌರವಧನದ ಮೇಲೆ ಗ್ರಾಮ ಸಹಾಯಕರ ನೇಮಕವೂ ಆಯಿತು. ಆದರೆ ಹುದ್ದೆಯೊಡನೆ ಅದರ ಕರ್ತವ್ಯಗಳೂ ಕರಗಿದುವು. ನೀರಿಗೆ, ಲೆಕ್ಕಕ್ಕೆ, ಕಂದಾಯಕ್ಕೆ ಬೇರೆ ಬೇರೆ ನೌಕರರು ಬಂದರು. ಇರುಳಿನಲ್ಲಿ ಎಚ್ಚರವಾಗಿದ್ದು ಊರನ್ನು ಎಬ್ಬಿಸತಕ್ಕವನೆಂಬ ಹೆಸರಿನ ಒಬ್ಬನು ಬರಲಿಲ್ಲ. ಸೈರನ್ನಿನ ಪ್ರಶ್ನೆಯು ಹುಟ್ಟುವುದು ಈ ತೆರವಾದ ಸ್ಥಳದಲ್ಲಿಯೇ.

೬

ಈ ತೆರವನ್ನು ತುಂಬುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ೨೦೦೭ರಿಂದ ಹೈದರಾಬಾದಿನ ಸುನಾಮಿ ಮುನ್ನೆಚ್ಚರಿಕೆಯ ಕೇಂದ್ರವು ಕೆಲಸಮಾಡುತ್ತಿದೆ. ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಚಂಡಮಾರುತ ಅಪಾಯ ತಗ್ಗಿಸುವ ರಾಷ್ಟ್ರೀಯ ಯೋಜನೆಯ ಎರಡನೆಯ ಹಂತವು ೨೦೧೫ರಲ್ಲಿ ಮಂಜೂರಾಗಿ, ಕರ್ನಾಟಕವೂ ಸೇರಿ ಆರು ರಾಜ್ಯಗಳನ್ನು ಒಳಗೊಂಡಿದ್ದಿತು. ಮುನ್ನೆಚ್ಚರಿಕೆಯನ್ನು ಕೊನೆಯ ಊರಿಗೆ ಮುಟ್ಟಿಸುವುದು ಅದರ ಅಂಗಗಳಲ್ಲೊಂದು. ಒಡಿಶಾದಲ್ಲಿ ೨೦೧೮ರಲ್ಲಿ ಆರು ಕರಾವಳಿ ಜಿಲ್ಲೆಗಳಲ್ಲಿ ೧೨೨ ಸೈರನ್ ಗೋಪುರಗಳು ಒಂದೇ ಕೇಂದ್ರದಿಂದ ಕೂಗುವಂತೆ ಏರ್ಪಾಟಾಯಿತು. ೨೦೨೩ರ ಅಕ್ಟೋಬರ್ ೧೨ರಂದು ಕರ್ನಾಟಕದಲ್ಲಿ ಮೊಬೈಲುಗಳ ಮೂಲಕ ಎಚ್ಚರಿಕೆ ಕಳುಹಿಸುವ ಪರೀಕ್ಷೆ ನಡೆಯಿತು. ಮೊಬೈಲಿನ ಎಚ್ಚರಿಕೆಗೆ ಊರಿನವರು ಕಂಬ ನೆಡಬೇಕಾಗಿಲ್ಲವೆಂಬುದು ನಿಜ. ಆದರೆ ಬಿರುಗಾಳಿಯಲ್ಲಿ ವಿದ್ಯುತ್ತು ಹೋಗಿ ಜಾಲವೂ ಹೋದಾಗ, ಮೊಬೈಲಿಲ್ಲದ ಮುದುಕರಿಗೆ, ನಿದ್ದೆಯಲ್ಲಿರುವವರಿಗೆ, ದನಿಯೇ ಗತಿ.

ಆದಕಾರಣ ಹಣದ ವಿಚಾರಕ್ಕೆ ಬರಬೇಕಾಗುತ್ತದೆ. ಅಣೆಕಟ್ಟಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ೨೦೧೯ರ ಆಗಸ್ಟಿನಲ್ಲಿ ಕಾಳೀ ನದಿಯ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಹಳ್ಳಿಗಳು ಮುಳುಗಿದುದನ್ನು ಈ ಜಿಲ್ಲೆಯು ಕಂಡಿದೆ. ೨೦೨೧ರ ಅಣೆಕಟ್ಟುಗಳ ಸುರಕ್ಷತೆಯ ಕಾಯಿದೆಯು, ಅಗತ್ಯವಿರುವೆಡೆಯಲ್ಲಿ ಕೆಳದಂಡೆಯವರಿಗಾಗಿ ಪ್ರವಾಹದ ಎಚ್ಚರಿಕೆಯ ಏರ್ಪಾಟನ್ನು ಮಾಡುವುದೂ ಅದನ್ನು ಕಾಲಕಾಲಕ್ಕೆ ಪರೀಕ್ಷಿಸುವುದೂ ಅಣೆಕಟ್ಟಿನ ಒಡೆಯರ ಹೊಣೆಯೆಂದು ವಿಧಿಸಿದೆ. ಕೇಡಿಗೆ ಒಡೆಯನಿರುವಲ್ಲಿ ಎಚ್ಚರಿಕೆಗೂ ಒಡೆಯನುಂಟು. ಗುಡ್ಡಕ್ಕೂ ಕಡಲಿಗೂ ಅಂಥ ಒಡೆಯರಿಲ್ಲ.

ಅಲ್ಲಿ ಉಳಿಯುವುದು ಸಾರ್ವಜನಿಕ ನಿಧಿ. ೧೫ನೆಯ ಹಣಕಾಸು ಆಯೋಗವು ೨೦೨೧ರಿಂದ ೨೦೨೬ರವರೆಗಿನ ಅವಧಿಗೆ ರಾಜ್ಯಗಳ ವಿಪತ್ತು ನಿಧಿಯಲ್ಲಿ ನೂರಕ್ಕೆ ೨೦ನ್ನು ವಿಪತ್ತು ತಗ್ಗಿಸುವ ಕೆಲಸಗಳಿಗೂ, ೧೦ನ್ನು ಸಿದ್ಧತೆಗೂ ವಿಂಗಡಿಸಿತು. ಗ್ರಾಮ ಪಂಚಾಯತಿಗಳಿಗೆ ಬರುವ ಅನುದಾನದಲ್ಲಿ ನೂರಕ್ಕೆ ೬೦ ಕುಡಿಯುವ ನೀರು, ನೈರ್ಮಲ್ಯಗಳಿಗೆ ಮೀಸಲಾಯಿತು. ಉಳಿದ ೪೦ನ್ನು ಊರಿನ ಅಗತ್ಯಗಳಿಗೆ ಬಳಸಬಹುದು, ಆದರೆ ಸಂಬಳ ಮತ್ತು ಸಿಬ್ಬಂದಿಯ ವೆಚ್ಚಗಳಿಗೆ ಬಳಸಕೂಡದು ಎಂದು ನಿಬಂಧನೆಯಾಯಿತು. ಸಮುದಾಯದ ಆಸ್ತಿಗಳ ನಿರ್ವಹಣೆಯು ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಸೇರಿರುವುದರಿಂದ ಸೈರನ್ನಿನ ಬ್ಯಾಟರಿಗೂ ಬಣ್ಣಕ್ಕೂ ಈ ಹಣದಿಂದ ದಾರಿಯುಂಟು. ಅದನ್ನು ನೋಡಿಕೊಳ್ಳುವವನ ಕೂಲಿಗೆ ಇಲ್ಲ. ಶಾಸನದ ಮಾತಿನಲ್ಲಿ ಹೇಳುವುದಾದರೆ, ವಾದ್ಯಕ್ಕೆ ದತ್ತಿಯುಂಟು, ವಾದ್ಯಗಾರನಿಗೆ ಜೀವಿತವಿಲ್ಲ.

ಈ ಕೊರತೆಯು ಸಣ್ಣದಲ್ಲ. ಸೈರನ್ ಎಂಬುದು ನೆಟ್ಟು ಮರೆಯತಕ್ಕ ವಸ್ತುವಲ್ಲ. ತೆರೆದ ಬಯಲಿನಲ್ಲಿಯೂ ದೂರವು ಎರಡರಷ್ಟಾದ ಹಾಗೆಲ್ಲಾ ಅದರ ದನಿಯು ಆರು ಡೆಸಿಬಲ್ಲಿನಷ್ಟು ಇಳಿಯುತ್ತದೆ; ತೆಂಗಿನ ತೋಪು, ಗುಡ್ಡ, ಎದುರುಗಾಳಿಗಳಿದ್ದರೆ ಇನ್ನೂ ಹೆಚ್ಚು. ಆದುದರಿಂದ ಚದುರಿದ ಮನೆಗಳ ಊರಿಗೆ ಒಂದು ದೊಡ್ಡ ಸೈರನ್ನಿಗಿಂತ ಕೆಲವು ಸಣ್ಣವೇ ಲೇಸು. ಆದರೆ ಕಂಬಗಳು ಹೆಚ್ಚಿದಷ್ಟೂ ನೋಡಿಕೊಳ್ಳುವ ಕೆಲಸವೂ ಹೆಚ್ಚುತ್ತದೆ. ಬ್ಯಾಟರಿ ಸವೆಯುತ್ತದೆ, ತಂತಿಯ ಕೂಡುಗಳು ಉಪ್ಪಿನಿಂದ ಕೊರೆದುಹೋಗುತ್ತವೆ, ತುತ್ತೂರಿಯ ಬಾಯಲ್ಲಿ ಹಕ್ಕಿ ಗೂಡು ಕಟ್ಟುತ್ತದೆ. ತಿಂಗಳಿಗೊಮ್ಮೆ ಗೊತ್ತಾದ ಹೊತ್ತಿಗೆ ಕೂಗಿಸಿ ನೋಡಿದರೆ ಮಾತ್ರ ಇವು ತಿಳಿಯುತ್ತವೆ.

ದನಿಯ ಅರ್ಥವನ್ನೂ ಹಾಗೆಯೇ ಕಾಪಾಡಬೇಕು. ೨೦೨೩ರ ಆಗಸ್ಟ್ ೮ರಂದು ಹವಾಯಿಯ ಮಾವಿ ದ್ವೀಪದ ಲಹೈನಾ ಊರು ಕಾಡುಗಿಚ್ಚಿಗೆ ಸಿಕ್ಕಿ ಸುಮಾರು ನೂರು ಮಂದಿ ಸತ್ತರು. ಆ ದ್ವೀಪದಲ್ಲಿ ೮೦ರಷ್ಟು ಸೈರನ್‌ಗಳಿದ್ದುವು, ಒಂದನ್ನೂ ಕೂಗಿಸಲಿಲ್ಲ. ಆ ಕೂಗನ್ನು ಸುನಾಮಿಗೆಂದೇ ತಿಳಿದಿದ್ದ ಜನರು ಗುಡ್ಡದ ಕಡೆಗೆ, ಎಂದರೆ ಬೆಂಕಿಯ ಕಡೆಗೇ, ಓಡಿಯಾರೆಂಬ ಶಂಕೆಯು ಅದಕ್ಕೆ ಕಾರಣವೆಂದು ಅಧಿಕಾರಿಯು ಹೇಳಿದನು. ಕಾಯ್ಕಿಣಿಯ ತೀರಕ್ಕೂ ಈ ಮಾತು ಅನ್ವಯಿಸುತ್ತದೆ. ಕಡಲೇರಿದರೆ ಮೂಡಲಿಗೆ ಹೋಗಬೇಕು. ಗುಡ್ಡ ಜರಿದರೆ ಗುಡ್ಡದಿಂದ ದೂರ ಸರಿಯಬೇಕು. ಒಂದೇ ಕೂಗು ಎರಡಕ್ಕೂ ಸಾಲದು. ೧೮೯೮ರಲ್ಲಿ ಬಂದರುಗಳಿಗೆ ಆದಂತೆ ಊರುಗಳಿಗೂ ಒಂದು ನಿಶ್ಚಿತವಾದ ಸಂಕೇತವು ಬೇಕು, ಅದನ್ನು ಶಾಲೆಯ ಮಕ್ಕಳೂ ಅರಿತಿರಬೇಕು.

೭

ಇದಕ್ಕೆ ಎದುರಾಗಿ ಜಪಾನಿನ ಒಂದು ಹಳೆಯ ದೃಷ್ಟಾಂತವನ್ನು ಇಡಬಹುದು. ೧೮೫೪ರ ಸುನಾಮಿಯಲ್ಲಿ ಹಿರೋ ಎಂಬ ಹಳ್ಳಿಯ ಹಮಗುಚಿ ಗೊರ್ಯೋ ಎಂಬವನು ಬತ್ತದ ಮೆದೆಗಳಿಗೆ ಕಿಚ್ಚಿಟ್ಟು, ಕತ್ತಲೆಯಲ್ಲಿ ದಿಕ್ಕುಗೆಟ್ಟ ಊರವರಿಗೆ ಎತ್ತರದ ನೆಲದ ದಾರಿಯನ್ನು ತೋರಿದನು. ಇದು ಎಲ್ಲರೂ ಬಲ್ಲ ಕಥೆ. ಅದರ ಮುಂದಿನ ಭಾಗವನ್ನು ನೆನೆಯುವವರು ಕಡಮೆ. ಅವನು ತನ್ನ ಹಣದಿಂದ ಊರಿನವರಿಗೆ ಕೂಲಿ ಕೊಟ್ಟು ಸುಮಾರು ೬೦೦ ಮೀಟರ್ ಉದ್ದದ ಕಡಲೊಡ್ಡನ್ನು ೧೮೫೮ರ ಹೊತ್ತಿಗೆ ಕಟ್ಟಿಸಿದನು. ೧೯೪೬ರ ಸುನಾಮಿಯಲ್ಲಿ ಆ ಒಡ್ಡು ಊರಿನ ಹೆಚ್ಚಿನ ಭಾಗವನ್ನು ಕಾಯಿತು. ಕಿಚ್ಚು ಒಂದು ರಾತ್ರಿಯ ಕೆಲಸ. ಒಡ್ಡು ನಾಲ್ಕು ವರ್ಷಗಳ ಕೂಲಿ. ಎಚ್ಚರಿಕೆಯು ಕಥೆಯಾಗಿ ಉಳಿಯುವುದು ಸುಲಭ, ಏರ್ಪಾಟಾಗಿ ಉಳಿಯುವುದು ಕಷ್ಟ.

ಮೇಲಿನ ವಿವರಗಳಿಂದ ಇಷ್ಟು ಸಿದ್ಧವಾಗುತ್ತದೆ. ಎಚ್ಚರಿಕೆಯ ದನಿಯು ಯಾವ ಕಾಲದಲ್ಲಿಯೂ ತನ್ನಷ್ಟಕ್ಕೆ ತಾನು ನಿಂತುದಲ್ಲ. ಕಣದ ಆಯವೋ, ಹಡಗಿನ ಸುಂಕವೋ, ಗಿರಣಿಯ ಲಾಭವೋ, ಅಣೆಕಟ್ಟಿನ ಒಡೆಯರ ಹೊಣೆಯೋ ಅದರ ಬೆನ್ನಿಗಿದ್ದಲ್ಲಿ ಅದು ಉಳಿಯಿತು. ಸಣ್ಣ ಊರಿನ ಹಳೆಯ ಏರ್ಪಾಟಿನಲ್ಲಿ ಜೀವಿತವಿದ್ದಿತು, ಮಾನವಿರಲಿಲ್ಲ. ೧೯೬೩ರಲ್ಲಿ ಮಾನವು ಬರುವ ದಾರಿ ತೆರೆಯಿತು, ಜೀವಿತವು ತಪ್ಪಿತು. ಮಾನವೂ ಜೀವಿತವೂ ಕೂಡಿದ ಒಂದು ಕೆಲಸವನ್ನು ಪಂಚಾಯತಿಯ ಲೆಕ್ಕಪತ್ರದ ಒಂದು ಸಾಲಿನಲ್ಲಿ ಬರೆಯುವುದು ಇನ್ನೂ ಉಳಿದಿದೆ. ಕೆರೆಗೆ ಬಿತ್ತುವಟ್ಟವನ್ನು ಬಿಡದೆ ಕೆರೆಯನ್ನು ಕಟ್ಟಿಸುವುದನ್ನು ಹಿಂದಿನವರು ಪೂರ್ಣವಾದ ಧರ್ಮವೆಂದು ಎಣಿಸಲಿಲ್ಲ. ಕಂಬವನ್ನು ನೆಟ್ಟು ಕಂಬವನ್ನು ಕಾಯುವವನನ್ನು ಮರೆತ ಊರಿಗೂ ಅದೇ ಮಾತು ಸಲ್ಲುತ್ತದೆ.